ಕ್ವಾರ್ಕ್ ಉಂಡೆಗಳೇ ಡಾರ್ಕ್ ಮ್ಯಾಟರ್ ಇರಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಡಾರ್ಕ್ ಮ್ಯಾಟರ್ ಬಗ್ಗೆ ಎಲ್ಲೇ ಮಾತಾಡಲಿ, ಕೊನೆಗೆ ಯಾರಾದರೂ ಒಬ್ಬರು ಎದ್ದು ಕ್ವಾರ್ಕ್ ವಿಷಯ ಎತ್ತುತ್ತಾರೆ. ಆಮೇಲೆ ಪತ್ರಗಳಲ್ಲಿ, ಮೆಸೇಜುಗಳಲ್ಲಿ ಅದೇ ಚರ್ಚೆ ಮುಂದುವರಿಯುತ್ತದೆ. ಒಂದೇ ಉತ್ತರವನ್ನು ಹತ್ತು ಜನರಿಗೆ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಭೌತಶಾಸ್ತ್ರ ಓದಿದವರು ಮೊದಲ ಭಾಗ ಬಿಟ್ಟು ಮುಂದೆ ಹೋಗಬಹುದು. ಕ್ವಾರ್ಕ್ ಎಂಬ ಅತಿಸೂಕ್ಷ್ಮ ಕಣಗಳು ಒತ್ತೊತ್ತಾಗಿ ಕೂಡಿದ ಮುದ್ದೆಗೆ ಇಂಗ್ಲಿಷಿನವರು ‘ನಗೆಟ್’ ಎನ್ನುತ್ತಾರೆ, ನಾನು ‘ಉಂಡೆ’ ಎಂದಿದ್ದೇನೆ. ‘ಗಟ್ಟಿ’ ಎಂದರೆ ಚಿನ್ನದಂಗಡಿಯೇ ನೆನಪಾಗುತ್ತದೆ, ಅದಕ್ಕೆ.

## ಮೊದಲ ಪಾಠ

ಕಣ್ಣಿಗೇ ಕಾಣದ ವಸ್ತು ಇದೆ ಅಂತ ಅಷ್ಟು ಧೈರ್ಯವಾಗಿ ಹೇಗೆ ಹೇಳ್ತೀರಿ?

ಅದರ ಸೆಳೆತ ಕಾಣುತ್ತದೆ. 1933ರಲ್ಲಿ ಫ್ರಿಟ್ಜ್ ಜ್ವಿಕಿ ಕೋಮಾ ಎಂಬ ಗೆಲಾಕ್ಸಿ ಗುಚ್ಛವನ್ನು ನೋಡಿದರು. ಅಲ್ಲಿನ ಗೆಲಾಕ್ಸಿಗಳು ಓಡುತ್ತಿರುವ ವೇಗಕ್ಕೆ ಗುಚ್ಛ ಎಂದೋ ಚೆಲ್ಲಾಪಿಲ್ಲಿ ಆಗಬೇಕಿತ್ತು, ಆಗಿರಲಿಲ್ಲ. 1970ರಲ್ಲಿ ವೇರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗೆಲಾಕ್ಸಿಯನ್ನು ಅಳೆದರು. ಅದರ ಹೊರವಲಯವೂ ಲೆಕ್ಕಕ್ಕಿಂತ ಜೋರಾಗಿ ತಿರುಗುತ್ತಿತ್ತು. ಪ್ಲಾಂಕ್ ಉಪಗ್ರಹದ ಅಳತೆಯ ಪ್ರಕಾರ ಬ್ರಹ್ಮಾಂಡದಲ್ಲಿ ನಮಗೆ ಪರಿಚಯದ ವಸ್ತು ಶೇ. 5ರಷ್ಟು, ಡಾರ್ಕ್ ಮ್ಯಾಟರ್ ಶೇ. 27ರಷ್ಟು. ಉಳಿದದ್ದು ಡಾರ್ಕ್ ಎನರ್ಜಿ, ಅದರ ಗೊಡವೆ ಇಲ್ಲಿ ಬೇಡ.

ಶೇ. 27 ಎಂದಾಗ ಸುತ್ತಲೂ ಕಿಕ್ಕಿರಿದಿದೆ ಅನ್ನಿಸುತ್ತದೆ. ಹಾಗೇನಿಲ್ಲ. ನಾವಿರುವ ಜಾಗದಲ್ಲಿ ಮೂರು ಘನ ಸೆಂಟಿಮೀಟರಿಗೆ ಒಂದು ಹೈಡ್ರೋಜನ್ ಪರಮಾಣುವಿನ ತೂಕದಷ್ಟಿದೆ. ಇಡೀ ಭೂಗೋಳದ ಒಳಗೆ ಯಾವ ಹೊತ್ತಿನಲ್ಲಿ ನೋಡಿದರೂ ಅರ್ಧ ಕಿಲೋ ಚಿಲ್ಲರೆ, ಅಷ್ಟೇ. ಈ ‘ಅರ್ಧ ಕಿಲೋ’ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕ್ವಾರ್ಕ್ ಅಂದ್ರೆ ಏನು? ನಮ್ಮ ಮೈಯಲ್ಲೂ ಇದ್ಯಾ?

ಮೈಯ ತೂಕದ ಹತ್ತಿರಹತ್ತಿರ ಎಲ್ಲವೂ ಅದರದೇ. ಪ್ರೋಟಾನಿನಲ್ಲಿ ಎರಡು ಅಪ್ ಕ್ವಾರ್ಕ್, ಒಂದು ಡೌನ್. ನ್ಯೂಟ್ರಾನಿನಲ್ಲಿ ಎರಡು ಡೌನ್, ಒಂದು ಅಪ್. ಇವೆರಡರ ಹೊರತಾಗಿ ಸ್ಟ್ರೇಂಜ್, ಚಾರ್ಮ್, ಬಾಟಮ್, ಟಾಪ್ ಎಂಬ ನಾಲ್ಕು ಜಾತಿಗಳಿವೆ. ನಮ್ಮ ಕಥೆಗೆ ಬೇಕಾದದ್ದು ಸ್ಟ್ರೇಂಜ್ ಮಾತ್ರ. ಒಂಟಿ ಕ್ವಾರ್ಕನ್ನು ಯಾರೂ ಹೊರಗೆಳೆದು ನೋಡಿಲ್ಲ. ಅವು ಯಾವಾಗಲೂ ಕೂಡುಕುಟುಂಬದಲ್ಲೇ ಇರುತ್ತವೆ.

ಹಾಗಾದ್ರೆ ಎಲ್ಲವೂ ಕ್ವಾರ್ಕ್ ದ್ರವ್ಯವೇ ಅಲ್ವಾ? ಬೇರೆ ಹೆಸರು ಯಾಕೆ?

ಮಾಮೂಲಿ ವಸ್ತುವಿನಲ್ಲಿ ಕ್ವಾರ್ಕುಗಳು ಮೂರು ಮೂರರ ಚಿಕ್ಕ ಸಂಸಾರ ಹೂಡಿಕೊಂಡಿವೆ. ಆ ಸಂಸಾರಗಳ ಗೋಡೆ ಒಡೆದು, ಎಲ್ಲ ಕ್ವಾರ್ಕುಗಳೂ ಒಂದೇ ದೊಡ್ಡ ಛತ್ರದಲ್ಲಿ ಓಡಾಡಿಕೊಂಡಿದ್ದರೆ ಅದನ್ನು ಕ್ವಾರ್ಕ್ ದ್ರವ್ಯ ಎನ್ನುತ್ತಾರೆ. ಸಾಂದ್ರತೆ ಪರಮಾಣುವಿನ ನ್ಯೂಕ್ಲಿಯಸ್ಸಿನದಕ್ಕಿಂತ ತುಸು ಹೆಚ್ಚು. ಸಕ್ಕರೆ ಅಚ್ಚಿನಷ್ಟು, ಅಂದರೆ ಒಂದು ಘನ ಸೆಂಟಿಮೀಟರ್ ತೆಗೆದುಕೊಂಡರೆ ತೂಕ ಸುಮಾರು 40 ಕೋಟಿ ಟನ್.

ಸ್ಟ್ರೇಂಜ್ ಕ್ವಾರ್ಕ್ ಕಣ್ಣು ಮಿಟುಕಿಸೋದ್ರಲ್ಲಿ ಸತ್ತುಹೋಗುತ್ತೆ ಅಂತ ಓದಿದ್ದೀನಿ. ಅದರಿಂದ ಮಾಡಿದ ವಸ್ತು ಕೋಟ್ಯಂತರ ವರ್ಷ ಹೇಗೆ ಉಳಿಯುತ್ತೆ?

ದೇವಸ್ಥಾನದ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಒಂದು ಎಲೆಯ ಮುಂದೆ ಒಬ್ಬರೇ ಕೂರಬೇಕು. ಕ್ವಾರ್ಕುಗಳಿಗೂ ಅದೇ ನಿಯಮ, ಭೌತವಿಜ್ಞಾನಿ ಪೌಲಿ ಹಾಕಿಕೊಟ್ಟದ್ದು. ಎರಡೇ ಪಂಕ್ತಿ ಹಾಕಿದ್ದಾರೆ ಎನ್ನೋಣ, ಒಂದು ಅಪ್‌ಗಳದು, ಇನ್ನೊಂದು ಡೌನ್‌ಗಳದು. ಜನ ಹೆಚ್ಚಾದಂತೆ ಕೊನೆಗೆ ಬಂದವರು ಹಜಾರ ದಾಟಿ, ಜಗಲಿ ದಾಟಿ, ಅಂಗಳದ ಬಿಸಿಲಲ್ಲಿ ಕೂರಬೇಕಾಗುತ್ತದೆ. ದೂರ ಹೋದಷ್ಟೂ ಶಕ್ತಿ ಹೆಚ್ಚು ಖರ್ಚು. ಈಗ ಸ್ಟ್ರೇಂಜ್‌ಗಳದ್ದೊಂದು ಮೂರನೇ ಪಂಕ್ತಿ ಹಾಕಿದರೆ ಎಲ್ಲರೂ ಒಳಗೇ ಹಿಡಿಸುತ್ತಾರೆ. ಆ ಪಂಕ್ತಿಗೆ ಪ್ರವೇಶದ ದುಡ್ಡು ಜಾಸ್ತಿ: ಸ್ಟ್ರೇಂಜ್ ಕ್ವಾರ್ಕಿನ ದ್ರವ್ಯರಾಶಿ ಸುಮಾರು 95 ಎಂಇವಿ (ಕಣಗಳ ದ್ರವ್ಯರಾಶಿ, ಶಕ್ತಿ ಎರಡನ್ನೂ ಅಳೆಯುವ ಮಾನ), ಅಪ್ ಮತ್ತು ಡೌನ್‌ಗಳದು ಎರಡರಿಂದ ಐದು. ಆದರೂ ಗುಂಪು ದೊಡ್ಡದಿದ್ದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಒಂಟಿಯಾಗಿದ್ದಾಗ ಸಾಯುವ ಸ್ಟ್ರೇಂಜ್ ಕ್ವಾರ್ಕ್ ಇಲ್ಲಿ ಯಾಕೆ ಸಾಯುವುದಿಲ್ಲ? ಸತ್ತು ಹಗುರ ಜಾತಿಗೆ ಬದಲಾಗಬೇಕೆಂದರೆ ಆ ಪಂಕ್ತಿಯಲ್ಲಿ ಹತ್ತಿರದ ಎಲೆಗಳೆಲ್ಲ ಭರ್ತಿ. ಹೋಗಲು ಜಾಗವಿಲ್ಲ, ಹಾಗಾಗಿ ಇದ್ದಲ್ಲೇ ಇರುತ್ತದೆ.

ಇಷ್ಟು ಗಟ್ಟಿ ಭೌತಶಾಸ್ತ್ರ. ಇನ್ನು ಊಹೆಯ ಭಾಗ. ಕಬ್ಬಿಣದ ನ್ಯೂಕ್ಲಿಯಸ್ಸಿನಲ್ಲಿ ತಲಾ ಒಂದು ಪ್ರೋಟಾನ್ ಅಥವಾ ನ್ಯೂಟ್ರಾನಿಗೆ 930 ಎಂಇವಿ ಶಕ್ತಿ ಬೀಳುತ್ತದೆ. ಮೂರು ಪಂಕ್ತಿಯ ದ್ರವ್ಯದಲ್ಲಿ ತಲಾ ಲೆಕ್ಕ ಅದಕ್ಕಿಂತ ಕಡಿಮೆ ಬಂದರೆ, ಪ್ರಕೃತಿಯ ಅತಿ ಸ್ಥಿರ ವಸ್ತು ಎಂಬ ಪಟ್ಟ ಕಬ್ಬಿಣದ ಕೈತಪ್ಪಿ ಹೋಗುತ್ತದೆ. ಬರುತ್ತದೋ ಇಲ್ಲವೋ ಎಂದು ಖಚಿತವಾಗಿ ಲೆಕ್ಕ ಹಾಕುವ ಶಕ್ತಿ ಇವತ್ತಿನ ಸಿದ್ಧಾಂತಕ್ಕೂ ಇಲ್ಲ, ಕಂಪ್ಯೂಟರಿಗೂ ಇಲ್ಲ. 2018ರಲ್ಲಿ ಬಾಬ್ ಹೋಲ್ಡಮ್ ತಂಡ ಸ್ಟ್ರೇಂಜ್ ಕೂಡ ಬೇಡ, ದೊಡ್ಡ ಉಂಡೆಗಳಲ್ಲಿ ಅಪ್ ಮತ್ತು ಡೌನ್ ಎರಡೇ ಸ್ಥಿರವಾಗಿರಬಹುದು ಎಂದು ವಾದಿಸಿತು.

ಕಬ್ಬಿಣಕ್ಕಿಂತ ಸ್ಥಿರ ಅಂದ ಮೇಲೆ ನಮ್ಮ ಮನೆ ಬಾಣಲೆ ಯಾಕೆ ಇನ್ನೂ ಕಬ್ಬಿಣವಾಗೇ ಇದೆ?

ಅದು ಬದಲಾಗಬೇಕಾದರೆ ಒಂದೇ ನ್ಯೂಕ್ಲಿಯಸ್ಸಿನಲ್ಲಿ ಡಜನುಗಟ್ಟಲೆ ಕ್ವಾರ್ಕುಗಳು ಒಟ್ಟಿಗೇ ಸ್ಟ್ರೇಂಜ್ ಆಗಬೇಕು. ಒಂದೋ ಎರಡೋ ಆದರೆ ಶಕ್ತಿ ಇಳಿಯುವುದಿಲ್ಲ, ಏರುತ್ತದೆ, ತಕ್ಷಣ ಹಿಂದಿನ ಸ್ಥಿತಿಗೆ ಬೀಳುತ್ತದೆ. ಎಲ್ಲವೂ ಒಮ್ಮೆಗೇ ಬದಲಾಗಲು ಬೇಕಾದ ಕಾಲದ ಮುಂದೆ ಬ್ರಹ್ಮಾಂಡದ ವಯಸ್ಸು ಏನೇನೂ ಅಲ್ಲ.

## ಡಾರ್ಕ್ ಮ್ಯಾಟರ್ ಜೊತೆ ನಂಟು

ಕ್ವಾರ್ಕಿಗೆ ವಿದ್ಯುದಾವೇಶ ಇದೆ, ಬೆಳಕಿನ ಜೊತೆ ವ್ಯವಹಾರ ಇದೆ. ಮತ್ತೆ ಅದು ‘ಡಾರ್ಕ್’ ಹೇಗಾಗುತ್ತೆ ಸಾರ್?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳೂ ಇಲ್ಲೇ ಇದೆ.

ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿದಿದ್ದೀರಾ? ಮಂಜು ಕವಿದರೆ ಹೆಡ್‌ಲೈಟು ಹಾಕಿದರೂ ಮುಂದಿನ ತಿರುವು ಕಾಣದು. ಆದರೆ ನೂರು ಮೀಟರ್ ರಸ್ತೆಯ ಮೇಲಿನ ಅಷ್ಟೂ ಮಂಜನ್ನು ಹಿಂಡಿದರೆ ಒಂದೆರಡು ಲೀಟರ್ ನೀರು ಬಂದರೆ ಹೆಚ್ಚು. ಆ ನೀರನ್ನು ಬಾಟಲಿಯಲ್ಲಿ ತುಂಬಿ ರಸ್ತೆ ಬದಿಗಿಡಿ. ಬೆಳಕು ಯಾವ ಅಡ್ಡಿಯೂ ಇಲ್ಲದೆ ಹಾದುಹೋಗುತ್ತದೆ. ನೀರು ಅದೇ, ತೂಕವೂ ಅದೇ. ಬದಲಾದದ್ದು ಅದು ಹರಡಿಕೊಂಡ ರೀತಿ.

ಡಾರ್ಕ್ ಮ್ಯಾಟರ್ ಕಾಣುವುದಿಲ್ಲ ಎಂದಾಕ್ಷಣ ಅದು ಯಾರ ಜೊತೆಗೂ ಮಾತಾಡದ ಹೊಸ ಕಣವೇ ಇರಬೇಕು ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಗೆಲಾಕ್ಸಿಗಳಿಗೆ ಅಂಥ ಹಠವಿಲ್ಲ. ಅವು ಕೇಳುವುದು ಒಂದೇ: ಪ್ರತಿ ಗ್ರಾಂ ತೂಕಕ್ಕೆ ಡಿಕ್ಕಿ ಹೊಡೆಯುವ ವಿಸ್ತೀರ್ಣ ಎಷ್ಟು? ಬುಲೆಟ್ ಕ್ಲಸ್ಟರ್ ಎಂಬ, ಡಿಕ್ಕಿ ಹೊಡೆದು ದಾಟಿಹೋದ ಗೆಲಾಕ್ಸಿ ಗುಚ್ಛಗಳನ್ನು ನೋಡಿ ಅದು ಗ್ರಾಂಗೆ ಹೆಚ್ಚೆಂದರೆ ಒಂದು ಚದರ ಸೆಂಟಿಮೀಟರಿನ ಆಸುಪಾಸು ಇರಬಹುದು ಎಂದು ಲೆಕ್ಕ ಹಾಕಿದ್ದಾರೆ. ಒಂದು ಗ್ರಾಂ ಕ್ವಾರ್ಕ್ ಉಂಡೆಯ ವಿಸ್ತೀರ್ಣ ಇದಕ್ಕಿಂತ ನಾನೂರು ಕೋಟಿ ಪಟ್ಟು ಕಡಿಮೆ. ಮುಟ್ಟಿದ್ದನ್ನೆಲ್ಲ ಹಿಡಿದು ಜಗ್ಗುವ ವಸ್ತುವೇ ಆಗಿದ್ದರೂ, ಮುಟ್ಟುವ ಸಂದರ್ಭವೇ ಬರದಿದ್ದರೆ ಅದು ಕತ್ತಲೆಯೇ.

ಒಂದೊಂದು ಉಂಡೆ ಎಷ್ಟು ದಪ್ಪ? ನಮ್ಮ ಊರಿಗೂ ಬೀಳುತ್ತಾ?

ತೂಕ ಎಷ್ಟೆಂದು ಗೊತ್ತಾದರೆ ಉಳಿದದ್ದು ಹೈಸ್ಕೂಲ್ ಲೆಕ್ಕ. ಒಂದು ಗ್ರಾಂನ ಉಂಡೆಯ ಅಡ್ಡಳತೆ ಒಂದು ಮೈಕ್ರೋಮೀಟರಿನ ಆರನೇ ಒಂದು ಭಾಗ. ಒಂದು ಟನ್ನಿನದು 17 ಮೈಕ್ರೋಮೀಟರ್, ಕೂದಲೆಳೆಗಿಂತ ಸಣ್ಣ. ಹತ್ತು ಸಾವಿರ ಕೋಟಿ ಟನ್ನಿನದು ಕ್ರಿಕೆಟ್ ಚೆಂಡಿಗಿಂತ ತುಸು ದೊಡ್ಡದು.

ಈಗ ಆ ಅರ್ಧ ಕಿಲೋ ಲೆಕ್ಕಕ್ಕೆ ಬನ್ನಿ. ಉಂಡೆಗಳು ಸೆಕೆಂಡಿಗೆ 250 ಕಿಲೋಮೀಟರ್ ವೇಗದಲ್ಲಿ ಓಡುತ್ತಿವೆ, ಎಲ್ಲವೂ ಒಂದೇ ತೂಕದವು ಎಂದಿಟ್ಟುಕೊಳ್ಳೋಣ. ಗ್ರಾಂ ತೂಕದವಾದರೆ ಭೂಮಿಗೆ ಸೆಕೆಂಡಿಗೆ ಹದಿನೇಳು ಬಡಿಯುತ್ತವೆ, ಕರ್ನಾಟಕದ ನೆಲದ ಮೂಲಕ ನಿಮಿಷಕ್ಕೊಂದರ ಹತ್ತಿರ ಹಾಯುತ್ತವೆ. ಟನ್ ತೂಕದವಾದರೆ ಇಡೀ ಭೂಮಿಗೆ ಹದಿನಾರು ಗಂಟೆಗೊಂದು, ಕರ್ನಾಟಕದ ಪಾಲಿಗೆ ಎರಡೂವರೆ ವರ್ಷಕ್ಕೊಂದು. ಚೆಂಡಿನ ಗಾತ್ರದವಾದರೆ ಭೂಮಿಗೆ ಸುಮಾರು 20 ಕೋಟಿ ವರ್ಷಕ್ಕೊಮ್ಮೆ. ಹುಡುಕುವವರ ಕಷ್ಟ ಇದರಿಂದಲೇ ಅರ್ಥವಾಗಬೇಕು.

ಡಾರ್ಕ್ ಮ್ಯಾಟರ್ ಬ್ಯಾರಿಯಾನ್‌ಗಳಿಂದ ಆಗಿಲ್ಲ ಅಂತ ಪಠ್ಯಪುಸ್ತಕದಲ್ಲೇ ಇದೆ. ನೀವು ಅದಕ್ಕೆ ಉಲ್ಟಾ ಹೇಳ್ತಿದ್ದೀರಲ್ಲ?

ಬ್ಯಾರಿಯಾನ್ ಎಂದರೆ ಪ್ರೋಟಾನ್, ನ್ಯೂಟ್ರಾನಿನಂಥ ಮೂರು ಕ್ವಾರ್ಕಿನ ಕಣ. ಡಾರ್ಕ್ ಮ್ಯಾಟರ್ ಅವುಗಳದ್ದಲ್ಲ ಎಂಬ ತೀರ್ಮಾನ ಎರಡು ಸಾಕ್ಷಿಗಳ ಮೇಲೆ ನಿಂತಿದೆ. ಮಹಾಸ್ಫೋಟದ ನಂತರದ ಮೊದಲ ಕೆಲವು ನಿಮಿಷಗಳಲ್ಲಿ ಎಷ್ಟು ಡ್ಯೂಟೀರಿಯಂ (ಭಾರದ ಹೈಡ್ರೋಜನ್), ಹೀಲಿಯಂ ಆಯಿತು ಎಂಬುದು ಒಂದು. ಬ್ರಹ್ಮಾಂಡದ ಹಿನ್ನೆಲೆ ವಿಕಿರಣದಲ್ಲಿನ ಅಲೆಗಳ ಗುರುತು ಇನ್ನೊಂದು. ಎರಡೂ ಎಣಿಸುವುದು ಆ ಹೊತ್ತಿಗೆ ಬಿಡಿಯಾಗಿ ಓಡಾಡಿಕೊಂಡಿದ್ದ ಪ್ರೋಟಾನ್, ನ್ಯೂಟ್ರಾನ್‌ಗಳನ್ನು. ಉಂಡೆಗಳು ಅದಕ್ಕೂ ಮುಂಚೆ, ಮೊದಲ ಹತ್ತಿಪ್ಪತ್ತು ಮೈಕ್ರೋಸೆಕೆಂಡುಗಳಲ್ಲೇ ಕಟ್ಟಿಕೊಂಡಿದ್ದರೆ ಅವುಗಳ ಒಳಗಿನ ಕ್ವಾರ್ಕುಗಳು ಡ್ಯೂಟೀರಿಯಂ, ಹೀಲಿಯಂಗಳ ಅಡುಗೆಗೆ ಸಿಗುವುದೇ ಇಲ್ಲ. ಜನಗಣತಿಯ ದಿನ ಬಾಗಿಲು ಹಾಕಿಕೊಂಡು ಒಳಗೆ ಕೂತವರಂತೆ.

ಇನ್ನೊಂದು ಆಕರ್ಷಣೆಯೂ ಇದೆ. ಡಾರ್ಕ್ ಮ್ಯಾಟರ್ ಮಾಮೂಲಿ ವಸ್ತುವಿನ ಐದು ಪಟ್ಟು ಮಾತ್ರ ಯಾಕೆ? ಕೋಟಿ ಪಟ್ಟು ಯಾಕಿಲ್ಲ? ಹೊಸ ಕಣಗಳ ಸಿದ್ಧಾಂತಗಳಲ್ಲಿ ಇದು ಬಹುಮಟ್ಟಿಗೆ ಕಾಕತಾಳೀಯ. ಎರಡೂ ಒಂದೇ ಕ್ವಾರ್ಕ್ ಸಾರಿನಿಂದ ಬಂದಿದ್ದರೆ ಹತ್ತಿರಹತ್ತಿರ ಇರುವುದು ಸಹಜ.

ಇದನ್ನ ಮೊದಲು ಯೋಚಿಸಿದ್ದು ಯಾರು?

1971ರಲ್ಲಿ ಆರ್ನಾಲ್ಡ್ ಬಾಡ್ಮರ್, 1979ರಲ್ಲಿ ಜಪಾನಿನ ಹಿಡೆಝುಮಿ ತೆರಝಾವ. ಆದರೆ ಡಾರ್ಕ್ ಮ್ಯಾಟರಿಗೆ ಗಂಟು ಹಾಕಿ ಎಲ್ಲರ ಕಿವಿ ನೆಟ್ಟಗಾಗುವಂತೆ ಮಾಡಿದ್ದು 1984ರಲ್ಲಿ ಎಡ್ವರ್ಡ್ ವಿಟನ್. ಅದೇ ವರ್ಷ ಫರ್ಹಿ ಮತ್ತು ಜ್ಯಾಫಿ ಅದರ ಸ್ಥಿರತೆಯ ಲೆಕ್ಕ ಮಾಡಿದರು. ಡಿ ರುಹುಲಾ ಮತ್ತು ಗ್ಲ್ಯಾಶೋ ಇಂಥ ಉಂಡೆ ಭೂಮಿಗೆ ಬಡಿದರೆ ಏನಾಗುತ್ತದೆ ಎಂದು ಬರೆದು ‘ನ್ಯೂಕ್ಲಿಯರೈಟ್’ ಎಂಬ ಹೆಸರಿಟ್ಟರು. ವಿಟನ್ ಹೆಸರನ್ನು ಇವತ್ತು ಜನ ಸ್ಟ್ರಿಂಗ್ ಸಿದ್ಧಾಂತದ ಜೊತೆಗಷ್ಟೇ ಸೇರಿಸುತ್ತಾರೆ. ನನಗೆ ಇಷ್ಟವಾದದ್ದು ಈ ಲೇಖನ.

ಉಂಡೆ ಕಟ್ಟಿದ್ದು ಹೇಗೆ?

ವಿಟನ್ ಕಥೆ ಹೀಗಿದೆ. ಆರಂಭದಲ್ಲಿ ಬ್ರಹ್ಮಾಂಡವೆಲ್ಲ ಬಿಸಿ ಕ್ವಾರ್ಕ್ ಸಾರು. ಸುಮಾರು 1.8 ಲಕ್ಷ ಕೋಟಿ ಡಿಗ್ರಿಗೆ ತಣಿದಾಗ ಅಲ್ಲಲ್ಲಿ ಪ್ರೋಟಾನ್, ನ್ಯೂಟ್ರಾನ್‌ಗಳ ಗುಳ್ಳೆಗಳು ಎದ್ದವು. ಗುಳ್ಳೆಗಳು ಬೆಳೆದು ಒಂದಕ್ಕೊಂದು ಕೂಡಿಕೊಂಡವು. ಕೊನೆಗೆ ಉಳಿದದ್ದು ನಡುನಡುವೆ ಸಿಕ್ಕಿಕೊಂಡ ಸಾರಿನ ಹನಿಗಳು. ಹನಿಗಳು ಕುಗ್ಗುತ್ತಾ ಹೋದಂತೆ ಒಳಗಿನ ಕ್ವಾರ್ಕುಗಳು ಹೊರಬರಲಾಗದೆ ಒತ್ತೊತ್ತಾಗಿ ಗಟ್ಟಿಯಾದವು. ಬೆಲ್ಲದ ಪಾಕ ಆರುವಾಗ ಬಾಣಲೆಯ ಅಂಚಿಗೆ ಪಾಕ ಗಟ್ಟಿಕಟ್ಟುತ್ತದಲ್ಲ, ಹೆಚ್ಚುಕಡಿಮೆ ಹಾಗೆ.

## ಆಕ್ಷೇಪಗಳು, ತಿದ್ದುಪಡಿಗಳು

ಲ್ಯಾಟಿಸ್ ಲೆಕ್ಕ ಬಂದ ಮೇಲೆ ವಿಟನ್ ಐಡಿಯಾ ಸತ್ತೇ ಹೋಯ್ತು ಅಂತಾರೆ ನಮ್ಮ ಲೆಕ್ಚರರ್. ನಿಜಾನಾ?

ಬಹುಪಾಲು ನಿಜ. ಲ್ಯಾಟಿಸ್ ಎಂದರೆ ಜಾಗ, ಕಾಲಗಳನ್ನು ಚೌಕಳಿಗಳಾಗಿ ವಿಂಗಡಿಸಿ ಕ್ವಾರ್ಕುಗಳ ವರ್ತನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಧಾನ. ಗುಳ್ಳೆ ಏಳಬೇಕಾದರೆ ನೀರು ಕುದ್ದು ಆವಿಯಾಗುವಂಥ ಥಟ್ಟನೆಯ ಸ್ಥಿತ್ಯಂತರ ಬೇಕು. 2006ರಲ್ಲಿ ಫೋಡೋರ್, ಕಾಟ್ಜ್ ಮತ್ತು ಸಂಗಡಿಗರು ಸೂಪರ್ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದ್ದು ಬೇರೆಯೇ: ಆರಂಭದ ಬ್ರಹ್ಮಾಂಡದ ಪರಿಸ್ಥಿತಿಯಲ್ಲಿ ಕ್ವಾರ್ಕ್ ಸಾರು ಮಾಮೂಲಿ ಕಣಗಳಾಗಿದ್ದು ಬಿಸಿಲಿಗಿಟ್ಟ ಬೆಣ್ಣೆ ಮೆತ್ತಗಾಗುವಂತೆ, ಮೆಲ್ಲಮೆಲ್ಲಗೆ. ಇಂತಿಷ್ಟೇ ಹೊತ್ತಿಗೆ ಬದಲಾಯಿತು ಎಂಬ ಗೆರೆಯೇ ಇಲ್ಲ. ಗೆರೆ ಇಲ್ಲದಿದ್ದರೆ ಗುಳ್ಳೆ ಇಲ್ಲ, ಗುಳ್ಳೆ ಇಲ್ಲದಿದ್ದರೆ ಸಿಕ್ಕಿಕೊಂಡ ಹನಿಯೂ ಇಲ್ಲ.

ಆದರೆ ಒಂದು ಮಾತು. ಇದರಿಂದ ಬಿದ್ದುಹೋದದ್ದು ಉಂಡೆ ಹುಟ್ಟಿದ ದಾರಿ. ಉಂಡೆ ಸ್ಥಿರವೇ ಅಲ್ಲವೇ ಎಂಬ ಪ್ರಶ್ನೆಗೆ ಈ ಲೆಕ್ಕ ಕೈ ಹಚ್ಚಿಲ್ಲ. ಹಾಗಾಗಿ 2006ರ ನಂತರವೂ ಈ ಅಂಗಡಿ ಬಾಗಿಲು ಹಾಕಿಲ್ಲ, ಬೇರೆ ದಾರಿ ಹುಡುಕುವವರು ಇದ್ದಾರೆ.

ಅಷ್ಟು ಬಿಸಿಯಲ್ಲಿ ಉಂಡೆ ಆವಿಯಾಗಿ ಹೋಗಲ್ವಾ?

1985ರಲ್ಲಿ ಆಲ್ಕಾಕ್ ಮತ್ತು ಫರ್ಹಿ ಇದನ್ನೇ ಕೇಳಿದರು. ಅವರ ಲೆಕ್ಕದಲ್ಲಿ ಉಳಿಯಬೇಕಾದರೆ ಒಂದು ಉಂಡೆಯಲ್ಲಿ 1ರ ಮುಂದೆ 52 ಸೊನ್ನೆಗಳಷ್ಟು ಬ್ಯಾರಿಯಾನ್ ಇರಬೇಕು. ಅಂದರೆ ಎರಡು-ಮೂರು ಭೂಮಿಗಳ ತೂಕ. ಆ ಕಾಲದಲ್ಲಿ ಒಂದಕ್ಕೊಂದು ಸಂಪರ್ಕವಿದ್ದ ಇಡೀ ಪ್ರದೇಶದಲ್ಲೇ ಇದ್ದದ್ದು 49 ಸೊನ್ನೆಗಳಷ್ಟು. ಅಲ್ಲಿಗೆ ಕಥೆ ಮುಗಿಯಬೇಕಿತ್ತು.

ಮುಂದಿನ ವರ್ಷವೇ ಯೆಸ್ ಮ್ಯಾಡ್ಸನ್ ಮತ್ತಿತರರು ಆವಿಯಾಗುವ ವೇಗ ಅಷ್ಟಿಲ್ಲ ಎಂದರು. 1993ರಲ್ಲಿ ಪಿಜುಷ್‌ಪಾಣಿ ಭಟ್ಟಾಚಾರ್ಜಿ, ಜಾನ್-ಎ-ಆಲಂ, ಬಿಕಾಶ್ ಸಿನ್ಹಾ, ಶಿಬಾಜಿ ರಾಹಾ ಇನ್ನೂ ಆಳಕ್ಕೆ ಹೋದರು. ಕ್ವಾರ್ಕುಗಳು ಒಂದೊಂದಾಗಿ ಹೊರಬರಲಾರವು, ಮೂರು ಕೂಡಿಯೇ ಹೊರಡಬೇಕು ಎಂಬುದನ್ನು ಲೆಕ್ಕಕ್ಕೆ ತಂದಾಗ 43-44 ಸೊನ್ನೆಗಳ ಉಂಡೆಗಳೂ ಬದುಕುಳಿಯುತ್ತವೆ ಎಂದು ಅವರಿಗೆ ಕಂಡಿತು. ದೊಡ್ಡದರ ಗಾತ್ರ ಒಂದು ಮೀಟರಿಗಿಂತ ಕಡಿಮೆ, ತೂಕ ಒಂದು ಕ್ಷುದ್ರಗ್ರಹದ್ದು. ಕೋಲ್ಕತ್ತಾದಲ್ಲಿ ರಾಹಾ ಮತ್ತು ಸಿನ್ಹಾ ಬಳಗ ಈ ವಿಷಯವನ್ನು ಎರಡು ದಶಕ ಬಿಡದೆ ಹಿಡಿದುಕೊಂಡಿತ್ತು.

ಆಕ್ಸಿಯಾನ್ ಕ್ವಾರ್ಕ್ ಉಂಡೆ ಅಂತ ಇನ್ನೊಂದಿದ್ಯಂತೆ. ಅದರಲ್ಲಿ ಪ್ರತಿದ್ರವ್ಯ ಇದ್ರೆ ಸಿಡಿದು ಹೋಗಬೇಕಲ್ವಾ?

ಇದು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಏರಿಯಲ್ ಝಿಟ್ನಿಟ್ಸ್ಕಿ 2003ರಿಂದ ಬೆಳೆಸುತ್ತಿರುವ ಯೋಚನೆ. ಇಲ್ಲಿ ಥಟ್ಟನೆಯ ಸ್ಥಿತ್ಯಂತರದ ಹಂಗಿಲ್ಲ. ಆಕ್ಸಿಯಾನ್ ಎಂಬ, ಇನ್ನೂ ಸಿಗದ ಕಣದ ಕ್ಷೇತ್ರವೇ ಒಂದು ಪೊರೆಯಾಗಿ ಕ್ವಾರ್ಕುಗಳನ್ನು ಸುತ್ತಿ ಹಿಂಡುತ್ತದೆ. ಕೆಲವು ಉಂಡೆ ದ್ರವ್ಯದವು, ಕೆಲವು ಪ್ರತಿದ್ರವ್ಯದವು, ಅಂದರೆ ದ್ರವ್ಯಕ್ಕೆ ತಾಗಿದರೆ ಎರಡೂ ಉರಿದು ಶಕ್ತಿಯಾಗುವ, ವಿರುದ್ಧ ಆವೇಶದ ವಸ್ತುವಿನವು. ಮಾಮೂಲಿ ವಸ್ತು, ದ್ರವ್ಯದ ಉಂಡೆ, ಪ್ರತಿದ್ರವ್ಯದ ಉಂಡೆ ಇವು 1:2:3ರ ಪ್ರಮಾಣದಲ್ಲಿದ್ದರೆ ಎರಡು ಒಗಟು ಒಟ್ಟಿಗೆ ಬಿಡಿಸಿಕೊಳ್ಳುತ್ತವೆ. ಎರಡು ಮತ್ತು ಮೂರು ಸೇರಿ ಐದು ಪಟ್ಟು ಡಾರ್ಕ್ ಮ್ಯಾಟರ್ ಆಯಿತು. ದ್ರವ್ಯದಷ್ಟೇ ಇರಬೇಕಿದ್ದೂ ಕಾಣೆಯಾದ ಪ್ರತಿದ್ರವ್ಯ ಎಲ್ಲೂ ಹೋಗಿಲ್ಲ, ಉಂಡೆಗಳೊಳಗೆ ಅಡಗಿದೆ ಎಂದಾಯಿತು.

ಸಿಡಿಯುವುದಿಲ್ಲವೇ ಎಂದರೆ, ಮೇಲ್ಮೈಯಲ್ಲಿ ಚೂರುಚೂರು ಉರಿಯುತ್ತದೆ. ಖಾಲಿ ಆಕಾಶದಲ್ಲಿ ಅದನ್ನು ಮುಟ್ಟುವ ಪರಮಾಣುಗಳೇ ಅಪರೂಪವಾದ್ದರಿಂದ ಒಟ್ಟು ನಷ್ಟ ಕಡಿಮೆ. ಸೂರ್ಯನ ಹೊರವಲಯ ಅಷ್ಟು ಬಿಸಿ ಯಾಕೆ ಎಂಬುದರಿಂದ ಹಿಡಿದು ಹತ್ತಾರು ಒಗಟುಗಳಿಗೆ ಈ ಬಳಗ ಇದೇ ಉತ್ತರ ಕೊಡುತ್ತಿದೆ. ಒಂದೇ ಕಷಾಯ ಎಲ್ಲ ಕಾಯಿಲೆಗೂ ಆಗುತ್ತದೆ ಎಂದಾಗ ನನಗೆ ಅನುಮಾನ ಹೆಚ್ಚುತ್ತದೆ, ಏನು ಮಾಡಲಿ.

2020ರಲ್ಲಿ ಹೆಕ್ಸಾಕ್ವಾರ್ಕೇ ಡಾರ್ಕ್ ಮ್ಯಾಟರ್ ಅಂತ ಪೇಪರಲ್ಲಿ ಬಂದಿತ್ತು. ಏನಾಯ್ತು?

ಆರು ಕ್ವಾರ್ಕಿನ ಎರಡು ಬೇರೆಬೇರೆ ಕಣಗಳ ಸುದ್ದಿಯನ್ನು ಜನ ಬೆರೆಸಿಬಿಡುತ್ತಾರೆ.

ಮೊದಲನೆಯದು ಡಿ-ಸ್ಟಾರ್ 2380. ಮೂರು ಅಪ್, ಮೂರು ಡೌನ್. ಜರ್ಮನಿಯ ಯೂಲಿಶ್‌ನಲ್ಲಿ ಇದರ ಗುರುತು ಸಿಕ್ಕಿತ್ತು. 2020ರಲ್ಲಿ ಯಾರ್ಕ್ ವಿಶ್ವವಿದ್ಯಾಲಯದ ಬಾಷ್ಕನೋವ್ ಮತ್ತು ವಾಟ್ಸ್ ಇವು ಬೋಸಾನ್‌ಗಳಾದ್ದರಿಂದ ಒಂದೇ ಸ್ಥಿತಿಯಲ್ಲಿ ಒಟ್ಟುಗೂಡಿ ಬೋಸ್-ಐನ್‌ಸ್ಟೈನ್ ಸಾಂದ್ರಿತವಾಗಿ ಉಳಿದಿರಬಹುದು ಎಂದರು. ಪಂಕ್ತಿಯ ನಿಯಮ ಬೋಸಾನ್‌ಗಳಿಗಿಲ್ಲ, ಒಂದೇ ಎಲೆಗೆ ಎಷ್ಟು ಜನ ಬೇಕಾದರೂ ಕೂರಬಹುದು. ತೊಡಕು ಏನೆಂದರೆ ಬಿಡಿ ಡಿ-ಸ್ಟಾರ್ ಹುಟ್ಟಿದಷ್ಟೇ ಬೇಗ ಸಾಯುತ್ತದೆ. ಗುಂಪು ಕಟ್ಟಿದರೆ ಬದುಕುತ್ತದೆ ಎಂಬುದಕ್ಕೆ ಪ್ರಯೋಗದ ಆಧಾರವಿಲ್ಲ.

ಎರಡನೆಯದು ಗ್ಲೆನಿಸ್ ಫರಾರ್ ಅವರ ಸೆಕ್ಸಾಕ್ವಾರ್ಕ್. ಎರಡು ಅಪ್, ಎರಡು ಡೌನ್, ಎರಡು ಸ್ಟ್ರೇಂಜ್. 1977ರಲ್ಲಿ ಜ್ಯಾಫಿ ಹೇಳಿದ್ದ ಎಚ್-ಡೈಬ್ಯಾರಿಯಾನಿನ ಬಿಗಿಯಾಗಿ ಕಟ್ಟಿದ ರೂಪ ಎನ್ನಬಹುದು. ಸಾಕಷ್ಟು ಹಗುರವಾಗಿದ್ದರೆ ಇದು ಒಂಟಿಯಾಗಿಯೇ ಬಾಳುತ್ತದೆ. ಬಾಬಾರ್ ಪ್ರಯೋಗ ಹುಡುಕಿತು, ಸಿಗಲಿಲ್ಲ. ರಾಕಿ ಕೋಲ್ಬ್ ಮತ್ತು ಮೈಕಲ್ ಟರ್ನರ್ ಇನ್ನೊಂದು ತಕರಾರು ತೆಗೆದರು: ಆರಂಭದ ಬಿಸಿಯಲ್ಲಿ ಈ ಕಣಗಳು ಮಾಮೂಲಿ ಕಣಗಳಾಗಿ ಕರಗಿಹೋಗುತ್ತವೆ, ಡಾರ್ಕ್ ಮ್ಯಾಟರಿಗೆ ಬೇಕಾದಷ್ಟು ಉಳಿಯುವುದಿಲ್ಲ. ಫರಾರ್ ಒಪ್ಪಿಲ್ಲ.

ಕಣಗಳನ್ನು ಡಿಕ್ಕಿ ಹೊಡೆಸುವ ಎಲ್‌ಎಚ್‌ಸಿ ಯಂತ್ರದಲ್ಲಿ ಸಿಕ್ಕ ಟೆಟ್ರಾಕ್ವಾರ್ಕ್ (ನಾಲ್ಕು ಕ್ವಾರ್ಕಿನದು), ಪೆಂಟಾಕ್ವಾರ್ಕ್‌ಗಳ (ಐದರದು) ಬಗ್ಗೆಯೂ ಕೇಳುತ್ತಾರೆ. ಅವು ಕ್ಷಣದಲ್ಲಿ ಒಡೆಯುವ ಕಣಗಳು, ಈ ಕಥೆಗೆ ಸಂಬಂಧವಿಲ್ಲ.

## ಹುಡುಕಾಟ

ಬರೀ ಲೆಕ್ಕಾನಾ, ಯಾರಾದ್ರೂ ಹುಡುಕಿದ್ದಾರಾ?

ಹುಡುಕದ ಜಾಗವಿಲ್ಲ. ನನಗೆ ತುಂಬ ಹಿಡಿಸಿದ್ದು ಅಭ್ರಕದ ಉಪಾಯ. ಉಂಡೆ ಹಾದುಹೋದರೆ ಅಭ್ರಕದ ಹಾಳೆಯಲ್ಲಿ ಗಾಯ ಉಳಿಯುತ್ತದೆ, ರಾಸಾಯನಿಕದಲ್ಲಿ ತೊಳೆದರೆ ಅದು ಕಾಣುವಷ್ಟು ಅಗಲವಾಗುತ್ತದೆ. ನೆಲದಾಳದಲ್ಲಿ ಹತ್ತಾರು ಕೋಟಿ ವರ್ಷ ಸುಮ್ಮನೆ ಬಿದ್ದಿದ್ದ ಅಭ್ರಕ ಎಂದರೆ ಅಷ್ಟು ಕಾಲ ಕಣ್ಣು ಬಿಟ್ಟುಕೊಂಡಿದ್ದ ಕ್ಯಾಮೆರಾ. ಅಮೆರಿಕದ ಬುಫರ್ಡ್ ಪ್ರೈಸ್ 1980ರ ದಶಕದಲ್ಲಿ ನೋಡಿದರು, ಗಾಯವಿರಲಿಲ್ಲ. ಡಾರ್ಕ್ ಮ್ಯಾಟರೆಲ್ಲ ಉಂಡೆಗಳೇ ಆಗಿದ್ದರೆ ಒಂದೊಂದರ ತೂಕ 55 ಗ್ರಾಂಗಿಂತ ಹೆಚ್ಚಿರಬೇಕು ಎಂಬ ಬೇಲಿ ಬಂದದ್ದು ಹೀಗೆ. ನಾನು ಮೇಲೆ ಕೊಟ್ಟ ಒಂದು ಗ್ರಾಂ ಉದಾಹರಣೆ ಆಗಲೇ ಬೇಲಿಯಾಚೆ ಹೋಗಿದೆ, ಅಂದಾಜಿಗಾಗಿ ಇಟ್ಟುಕೊಂಡೆ. ಮೇಲಿನ ಬೇಲಿ ಹಾಕಿರುವುದು ದೂರದ ನಕ್ಷತ್ರಗಳ ಬೆಳಕು ಬಾಗುವುದನ್ನು ಕಾಯುವ ಮೈಕ್ರೋಲೆನ್ಸಿಂಗ್ ಸಮೀಕ್ಷೆಗಳು, ಚಂದ್ರನ ತೂಕದ ಇಪ್ಪತ್ತರಲ್ಲೊಂದು ಪಾಲಿನ ಆಸುಪಾಸಿನಲ್ಲಿ. ನಡುವೆ ಬಯಲು ದೊಡ್ಡದಿದೆ.

ಬೊಲಿವಿಯಾದ ಚಕಲ್ಟಾಯಾ ಪರ್ವತದ ಮೇಲೆ, 5,230 ಮೀಟರ್ ಎತ್ತರದಲ್ಲಿ, ಸ್ಲಿಮ್ ಪ್ರಯೋಗ 427 ಚದರ ಮೀಟರ್ ಪ್ಲಾಸ್ಟಿಕ್ ಹಾಳೆಗಳನ್ನು ನಾಲ್ಕು ವರ್ಷ ಹರಡಿಟ್ಟಿತ್ತು. ಇಟಲಿಯ ಗ್ರಾನ್ ಸಾಸೊ ಬೆಟ್ಟದಡಿ ಮ್ಯಾಕ್ರೋ ಪ್ರಯೋಗ 2000ದವರೆಗೆ ಕಾದಿತ್ತು. ಅಪೊಲೊ 11 ತಂದ ಚಂದ್ರನ ಮಣ್ಣಿನಲ್ಲಿ 15 ಗ್ರಾಂ ತೆಗೆದುಕೊಂಡು ಯೇಲ್‌ನವರು ವಿಚಿತ್ರ ತೂಕದ ನ್ಯೂಕ್ಲಿಯಸ್ ಇದೆಯೇ ಎಂದು ಜಾಲಾಡಿದರು, 2009ರಲ್ಲಿ ಫಲಿತಾಂಶ ಬಂತು. ಎಲ್ಲೆಡೆಯೂ ಶೂನ್ಯ. ನಮ್ಮಲ್ಲಿ ಬೋಸ್ ಸಂಸ್ಥೆ ಡಾರ್ಜಿಲಿಂಗ್‌ನಲ್ಲಿ ಪೆಟ್ ಹಾಳೆಗಳನ್ನು, ಅಂದರೆ ನೀರಿನ ಬಾಟಲಿಯ ಜಾತಿಯ ಪ್ಲಾಸ್ಟಿಕ್ಕನ್ನೇ, ಇದಕ್ಕೆ ಬಳಸಿತು. ದುಬಾರಿ ಉಪಕರಣದ ಕೆಲಸ ಅಗ್ಗದ ಹಾಳೆಯಿಂದ ಮಾಡಿಸಿದ ಜಾಣತನ ಅದು.

ನಮ್ಮ ಕೋಲಾರದ ಗಣಿಯಲ್ಲೂ ಇಂಥದ್ದೇನೋ ಮಾಡಿದ್ರಂತೆ?

ಕೆಜಿಎಫ್‌ನ ಆಳದಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೊ ಸಿಕ್ಕಿದ್ದು, 1980ರ ದಶಕದಲ್ಲಿ ಪ್ರೋಟಾನ್ ಕ್ಷಯಕ್ಕೆ ಕಾದದ್ದು ಪ್ರಸಿದ್ಧ. ಅದೇ ಉಪಕರಣದಲ್ಲಿ ಕಾಂತೀಯ ಏಕಧ್ರುವಗಳನ್ನೂ (ಉತ್ತರ ಅಥವಾ ದಕ್ಷಿಣ ಒಂದೇ ಧ್ರುವವಿರುವ ಊಹೆಯ ಕಣಗಳನ್ನು) ಹುಡುಕಿ 1984ರಲ್ಲಿ ಮಿತಿ ಪ್ರಕಟಿಸಿದರು. ಅವು ಕ್ವಾರ್ಕ್ ಉಂಡೆಗಳಲ್ಲ. ಆದರೆ ಭಾರವಾದ, ನಿಧಾನ ಚಲಿಸುವ ಅಪರೂಪದ ಅತಿಥಿಗೆ ನೆಲದಡಿಯಲ್ಲಿ ಕಾದು ಕೂರುವ ಕಸುಬು ಎರಡಕ್ಕೂ ಒಂದೇ.

1993ರಲ್ಲಿ ಭೂಮಿಯನ್ನು ತೂರಿಕೊಂಡು ಹೋಗಿತ್ತು ಅಂತ ಒಂದು ವಿಡಿಯೊ ನೋಡಿದೆ!

ಟನ್ ತೂಕದ ಉಂಡೆ ಭೂಮಿಯನ್ನು ಒಂದು ನಿಮಿಷದೊಳಗೆ ದಾಟುತ್ತದೆ. ದಾರಿಯುದ್ದಕ್ಕೂ ಕಿಲೋಮೀಟರಿಗೆ ಹತ್ತು ಕಿಲೋ ಟಿಎನ್‌ಟಿಯಷ್ಟು ಶಕ್ತಿ ಬಿಟ್ಟುಹೋಗುತ್ತದೆ. ಮಾಮೂಲಿ ಭೂಕಂಪ ಒಂದು ಬಿಂದುವಿನಿಂದ ಹೊರಡುತ್ತದೆ, ಇದು ಒಂದು ಗೆರೆಯಿಂದ. ಅಮೆರಿಕದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದವರು ಹಳೆಯ ಭೂಕಂಪನ ದಾಖಲೆಗಳನ್ನು ಜಾಲಾಡಿ, 1993ರ ಅಕ್ಟೋಬರ್ 22 ಮತ್ತು ನವೆಂಬರ್ 24ರ ಎರಡು ಘಟನೆ ಹಾಗೆ ಕಾಣುತ್ತವೆ ಎಂದು 2002ರಲ್ಲಿ ಹೇಳಿದರು. ಆಮೇಲೆ ಗೊತ್ತಾಯಿತು, ಒಂದು ಕೇಂದ್ರದ ಗಡಿಯಾರವೇ ತಪ್ಪಾಗಿ ಓಡುತ್ತಿತ್ತು. ಹೇಳಿಕೆ ವಾಪಸ್ ಪಡೆದರು. ವಿಡಿಯೊ ಮಾಡುವವರಿಗೆ ಈ ಎರಡನೇ ಅರ್ಧ ಬೇಕಾಗುವುದಿಲ್ಲ.

ಉಂಡೆ ನನ್ನ ಮೈಮೇಲೇ ಬಿದ್ರೆ?

ಟನ್ ತೂಕದ್ದಾದರೆ ಕೂದಲಿಗಿಂತ ಸಣ್ಣ ತೂತು, ಆದರೆ ಬಂದೂಕಿನ ಗುಂಡಿನಷ್ಟು ಶಕ್ತಿ. ನನ್ನ ಲೆಕ್ಕದಲ್ಲಿ ಭೂಮಿಯ 800 ಕೋಟಿ ಜನರಲ್ಲಿ ಒಬ್ಬಿಬ್ಬರಿಗೆ ಜೀವಮಾನದಲ್ಲೊಮ್ಮೆ ತಗಲಬಹುದು. ತಮಾಷೆಯಲ್ಲ, ಸಿಧು, ಶೆರರ್ ಮತ್ತು ಸ್ಟಾರ್ಕ್‌ಮನ್ ಎಂಬ ಮೂವರು ಇದನ್ನೇ ಹಿಡಿದು ಲೇಖನ ಬರೆದಿದ್ದಾರೆ: ಜನ ಕಾರಣವಿಲ್ಲದೆ ಗುಂಡೇಟಿನಂಥ ಗಾಯದಿಂದ ಸಾಯುತ್ತಿಲ್ಲ, ಆದ್ದರಿಂದ ಇಂತಿಂಥ ಗಾತ್ರದ ಉಂಡೆಗಳು ಡಾರ್ಕ್ ಮ್ಯಾಟರ್ ಆಗಿರಲಾರವು. ಮನುಷ್ಯರನ್ನೇ ಉಪಕರಣ ಮಾಡಿದ ಪ್ರಯೋಗ.

ಎಲ್‌ಎಚ್‌ಸಿಯಲ್ಲಿ ಒಂದು ಹುಟ್ಟಿ ಭೂಮಿಯನ್ನೇ ನುಂಗಿಬಿಟ್ರೆ?

ಇಲ್ಲ. 1999ರಲ್ಲಿ ಅಮೆರಿಕದ ರಿಕ್ ಎಂಬ ಇಂಥದೇ ಡಿಕ್ಕಿ ಯಂತ್ರ ಶುರುವಾಗುವ ಮುಂಚೆ ಇದೇ ಗಾಬರಿ ಎದ್ದು ಬುಸ್ಜಾ, ಜ್ಯಾಫಿ, ಸ್ಯಾಂಡ್‌ವೈಸ್, ವಿಲ್ಚೆಕ್ ಕೂತು ಪರಿಶೀಲಿಸಿದರು. ವಾತಾವರಣದ ರಕ್ಷಣೆಯಿಲ್ಲದ ಚಂದ್ರನಿಗೆ 450 ಕೋಟಿ ವರ್ಷಗಳಿಂದ ಅದಕ್ಕಿಂತ ಜೋರಾದ ವಿಶ್ವಕಿರಣಗಳು ಬಡಿಯುತ್ತಲೇ ಇವೆ. ಹುಣ್ಣಿಮೆಗೆ ಆಕಾಶ ನೋಡಿ, ಇದ್ದಾನೆ.

ನ್ಯೂಟ್ರಾನ್ ನಕ್ಷತ್ರಗಳು ಏನು ಹೇಳ್ತವೆ?

ಈ ಯೋಚನೆಗೆ ಅತಿ ಕಠಿಣ ಪರೀಕ್ಷೆ ಅಲ್ಲೇ. ದೊಡ್ಡ ನಕ್ಷತ್ರ ಸತ್ತು ಕುಸಿದಾಗ ಉಳಿಯುವ, ಬಹುಪಾಲು ನ್ಯೂಟ್ರಾನ್‌ಗಳೇ ತುಂಬಿದ ಗೋಳ ಅದು. ಸ್ಟ್ರೇಂಜ್ ದ್ರವ್ಯ ನಿಜಕ್ಕೂ ಹೆಚ್ಚು ಸ್ಥಿರವಾಗಿದ್ದರೆ ನ್ಯೂಟ್ರಾನ್ ನಕ್ಷತ್ರದೊಳಗೆ ಒಂದೇ ಒಂದು ಉಂಡೆ ಬಿದ್ದರೂ ಸಾಕು, ಹಾಲಿಗೆ ಹೆಪ್ಪು ಬಿದ್ದಂತೆ. ನಕ್ಷತ್ರವೆಲ್ಲ ಸ್ಟ್ರೇಂಜ್ ಆಗುತ್ತದೆ. ಬ್ರಹ್ಮಾಂಡದ ತುಂಬ ಉಂಡೆಗಳೇ ಇದ್ದರೆ ಹೆಪ್ಪು ಬೀಳದ ನಕ್ಷತ್ರ ಉಳಿಯಬಾರದು. ಆದರೆ ವೇಲಾ ಪಲ್ಸಾರಿನಂಥ, ಗಿರಗಿರನೆ ತಿರುಗುವ ನ್ಯೂಟ್ರಾನ್ ನಕ್ಷತ್ರಗಳು ಆಗಾಗ ತಿರುಗುವ ವೇಗವನ್ನು ಥಟ್ಟನೆ ಹೆಚ್ಚಿಸಿಕೊಳ್ಳುತ್ತವೆ. ಇದನ್ನು ವಿವರಿಸಲು ನ್ಯೂಟ್ರಾನ್‌ಗಳಿರುವ ದಪ್ಪ ತೊಗಟೆ ಬೇಕು, ಸ್ಟ್ರೇಂಜ್ ನಕ್ಷತ್ರಕ್ಕೆ ಅಂಥ ತೊಗಟೆ ಕೂರುವುದು ಕಷ್ಟ. ಮ್ಯಾಡ್ಸನ್ 1988ರಲ್ಲೇ ಎತ್ತಿದ ಈ ಆಕ್ಷೇಪಕ್ಕೆ ಮನಸ್ಸು ಒಪ್ಪುವ ಉತ್ತರ ನಾನು ಇನ್ನೂ ಓದಿಲ್ಲ.

ಮತ್ತೊಂದೆಡೆ ಆಸೆ ಹುಟ್ಟಿಸುವ ಸುದ್ದಿಗಳೂ ಬರುತ್ತವೆ. 2002ರಲ್ಲಿ ‘ಚಂದ್ರ’ ಎಂಬ ಎಕ್ಸ್-ರೇ ದೂರದರ್ಶಕ ನೋಡಿದ ಆರ್‌ಎಕ್ಸ್ ಜೆ1856 ಎಂಬ ನಕ್ಷತ್ರ ತೀರಾ ಚಿಕ್ಕದೆಂದು ಸಂಭ್ರಮ ಎದ್ದಿತು, ಆಮೇಲೆ ತಣ್ಣಗಾಯಿತು. 2022ರಲ್ಲಿ ಎಚ್‌ಇಎಸ್‌ಎಸ್ ಜೆ1731 ಎಂಬುದರ ತೂಕ ಸೂರ್ಯನ ಕೇವಲ 0.77ರಷ್ಟು, ತ್ರಿಜ್ಯ 10.4 ಕಿಲೋಮೀಟರ್ ಎಂದು ಅಂದಾಜಿಸಿದರು. ಮಾಮೂಲಿ ನ್ಯೂಟ್ರಾನ್ ನಕ್ಷತ್ರಕ್ಕೆ ಅದು ತೀರಾ ಹಗುರ. ಅಳತೆಯ ಬಗ್ಗೆ ವಾದ ನಡೆದಿದೆ.

ಕೊನೆಗೆ ನೀವು ನಂಬ್ತೀರೋ ಇಲ್ವೋ? ಏನು ಸಿಕ್ಕಿದ್ರೆ ನಂಬ್ತೀರಿ?

ಬಾಜಿ ಕಟ್ಟು ಎಂದರೆ ಇದರ ಮೇಲೆ ದುಡ್ಡು ಹಾಕುವುದಿಲ್ಲ. ನ್ಯೂಟ್ರಾನ್ ನಕ್ಷತ್ರದ ಆಕ್ಷೇಪ ನನಗೆ ಭಾರವಾಗಿ ಕಾಣುತ್ತದೆ. ಹುಡುಕುವುದು ವ್ಯರ್ಥ ಎಂದೂ ಹೇಳುವುದಿಲ್ಲ, ಯಾಕೆಂದರೆ ಹೊಸ ಕಣಗಳಿಗಾಗಿ ನೆಲದಡಿ ಕಟ್ಟಿದ ದೊಡ್ಡ ದೊಡ್ಡ ತೊಟ್ಟಿಗಳೂ ಈವರೆಗೆ ಬರಿಗೈ.

ನಂಬಲು ಎರಡರಲ್ಲಿ ಒಂದು ಸಾಕು. 2011ರಿಂದ ಅಂತರಿಕ್ಷ ನಿಲ್ದಾಣದ ಮೇಲೆ ಕೂತಿರುವ ಎಎಂಎಸ್-02 ಉಪಕರಣಕ್ಕೆ ತೂಕ ವಿಪರೀತ, ಆವೇಶ ಅತ್ಯಲ್ಪ ಎನ್ನುವಂಥ ನ್ಯೂಕ್ಲಿಯಸ್ ಸಿಗಬೇಕು. ಮಾಮೂಲಿ ನ್ಯೂಕ್ಲಿಯಸ್‌ಗಳಲ್ಲಿ ಆವೇಶದ ಸಂಖ್ಯೆ ತೂಕದ ಸಂಖ್ಯೆಯ ಅರ್ಧದ ಹತ್ತಿರ ಇರುತ್ತದೆ, ಸ್ಟ್ರೇಂಜ್ ತುಣುಕಿನಲ್ಲಿ ಅದರ ಸಣ್ಣ ಪಾಲು. ಒಂದಲ್ಲ, ಕನಿಷ್ಠ ನಾಲ್ಕಾರು ಸಿಗಲಿ. ಇಲ್ಲವೇ ಚಂದ್ರನ ಮೇಲೆ ಒಳ್ಳೆಯ ಭೂಕಂಪನ ಮಾಪಕಗಳ ಜಾಲ ಹಾಕಿ, ಅಲ್ಲಿ ಗಾಳಿ, ಸಮುದ್ರ, ಲಾರಿಗಳ ಗಲಾಟೆ ಇಲ್ಲ. ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಗೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಹೊರಬಿದ್ದ ನೇರ ಗೆರೆಯೊಂದು ದಾಖಲಾಗಲಿ. ಗಡಿಯಾರಗಳನ್ನು ಮಾತ್ರ ಎರಡೆರಡು ಸಲ ನೋಡಿಕೊಂಡಿರಲಿ.